ಒಬುರಾನ ಮನೆಯ ಹಿಂಗೋಡೆ

ಬಿದ್ದ ಮನೆಗಳ ಫೋಟೋ ತೆಗೆಯುವುದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆ ಎಂಬ ಮಾತು ಎಷ್ಟು ಸಲ ಹೇಳಿದರೂ ಅವಿಟಿಯ ತಲೆಗೆ ಹತ್ತಲಿಲ್ಲ. ಅವಳ ಕಾಲದಲ್ಲಿ ಫೋಟೋ ಎಂದರೆ ಕಿಸುಮು ಪೇಟೆಗೆ ಹೋಗಿ, ಮುಖಕ್ಕೆ ಎಣ್ಣೆ ಸವರಿಕೊಂಡು, ಸ್ಟುಡಿಯೋದವನ ಹೂವಿನ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂರುವುದು. ಈಗ ನೋಡಿದರೆ ಮೊಮ್ಮಗಳು ಅಜ್ವಾಂಗ್ ಯಾರದೋ ಕ್ಯಾಮೆರಾ ಎರವಲು ತಂದು, ಎಂದೋ ಬಾಗಿಲು ಹಾಕಿದ ಹತ್ತಿ ಮಿಲ್ಲಿನ ಮುಂದೆ ಕೆಸರಲ್ಲಿ ಮಂಡಿಯೂರಿ, ಅದರ ಕಿಟಕಿಯಿಂದ ಹೊರಬಂದ ಅತ್ತಿಗಿಡವನ್ನು ಮದುವೆ ಹೆಣ್ಣೇನೋ ಎನ್ನುವಂತೆ ನೋಡುತ್ತ ಕೂತಿದ್ದಾಳೆ.

"ಮನುಷ್ಯರು ಬಿಟ್ಟುಹೋದ ಕಟ್ಟಡ, ಅದನ್ನ ಹಿಡ್ಕೊಂಡ ಗಿಡ ಮರ. ಅಷ್ಟೇ ಅಜ್ಜಿ ನನ್ನ ಪ್ರಾಜೆಕ್ಟು," ಎಂದಳು ಮನೆಗೆ ಮರಳಿದ ಹುಡುಗಿ. "ಒಂದೊಂದು ಫೋಟೋ ಕೆಳಗೂ ಬರೀಬೇಕು, ಯಾರು ಬಿಟ್ಟೋದ್ರು, ಯಾಕೆ ಬಿಟ್ಟೋದ್ರು ಅಂತ."

"ಅದಕ್ಕೆ ಮಾರ್ಕು ಕೊಡ್ತಾರಾ?" ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಸೇಮೆಯವಳು ಬಾಯಿ ಹಾಕಿದಳು. ಸೇಮೆ ಎಂಬ ಸೀಮೆಯಿಂದ ಮದುವೆಯಾಗಿ ಬಂದ ಅವಳು ಅವಿಟಿಯ ಸವತಿ. ಗಂಡ ತೀರಿಕೊಂಡ ಮೇಲೆ ಇಬ್ಬರಿಗೂ ಜಗಳಕ್ಕೆ ಕಾರಣವೇ ಸಿಗದೆ ಗೆಳತಿಯರಾಗಿಬಿಟ್ಟಿದ್ದರು. "ಹಂಗಾದ್ರೆ ನನ್ನ ಫೋಟೋನೇ ತೆಗಿಯೇ. ನನಗಿಂತ ಹಳೇ ಕಟ್ಟಡ ಈ ಕೆರೆದಂಡೇಲಿ ಯಾವುದಿದೆ? ಗಂಡಾನೂ ಬಿಟ್ಟೋದ, ಹಲ್ಲೂ ಬಿಟ್ಟೋದ್ವು."

ಅವಿಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅಜ್ವಾಂಗ್ ಕ್ಯಾಮೆರಾ ಎತ್ತಿಕೊಂಡು ಅಂಗಳದ ಹೆಬ್ಬಾಗಿಲ ಬದಿಯ ಪುಟ್ಟ ಮನೆಯ ಕಡೆ ಹೊರಟಾಗ ನಗು ನಿಲ್ಲಿಸಿ ಎದ್ದು ನಿಂತಳು.

ಅದು ಒಬುರಾನ ಮನೆ. ಒಬುರಾ ಅವಿಟಿಯ ಹಿರಿಮಗ. ಆ ಮನೆಯಲ್ಲಿ ಅವನು ಒಂದು ದಿನವೂ ಮಲಗಿದವನಲ್ಲ. ಮದುವೆಗೆ ಮೊದಲೇ, ಮೀಸೆ ಚಿಗುರುವ ವಯಸ್ಸಿಗೆ, ಇನ್ನಿಬ್ಬರೊಂದಿಗೆ ದೋಣಿ ಏರಿ ಕೆರೆಗಿಳಿದ. ನಮ್ಮ ಕೆರೆಯೋ, ಕೆರೆ ಎನ್ನುವುದು ಬಾಯಿಮಾತಿಗೆ. ನಡುವೆ ನಿಂತರೆ ಯಾವ ದಡವೂ ಕಾಣದು. ಬಿರುಗಾಳಿ ಎದ್ದ ಮರುದಿನ ದೋಣಿ ಮಗುಚಿಕೊಂಡು ದಡಕ್ಕೆ ಬಂತು. ಆಮೇಲೆ ಆ ಇಬ್ಬರ ಹೆಣಗಳೂ ಬಂದವು. ಒಬುರಾ ಬರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಬ್ಬ ಮೀನಿನ ವ್ಯಾಪಾರಿ, ಆಚೆ ದಡದ ಮ್ವಾಂಜಾ ಸಂತೆಯಲ್ಲಿ ಅವನನ್ನು ನೋಡಿದೆ ಎಂದ. ಮುಂದಿನ ಸಲ ಕೇಳಿದರೆ, ಅವನೇ ಇರಬೇಕು ಎಂದ. ಅದರ ಮುಂದಿನ ಸಲ, ಅವನ ಹಾಗೇ ಇದ್ದ ಎಂದ. ಅಂಥ ನಾಲಿಗೆಗೆ ಬರೆ ಹಾಕಬೇಕು. ಆ ಮಾತಿನಿಂದ ಅವಿಟಿ ಸತ್ತ ಮಗನ ತಾಯಿಯೂ ಆಗದೆ ಬದುಕಿದ ಮಗನ ತಾಯಿಯೂ ಆಗದೆ ನಡುನೀರಿನಲ್ಲಿ ನಿಂತಳು.

ವರ್ಷಗಳು ಹೋದವು. ಕಿರಿಮಗ ಒಗೋಲಾ ಬೆಳೆದು ನಿಂತ, ಹೆಣ್ಣೂ ಗೊತ್ತಾಯಿತು. ಆದರೆ ಅಣ್ಣನ ಮದುವೆಯಾಗದೆ ತಮ್ಮನ ಮದುವೆ ನಮ್ಮಲ್ಲಿ ಇಲ್ಲ. ಅಣ್ಣನನ್ನು ದಾಟಿ ಹೋದವನ ಮಕ್ಕಳಿಗೆ ಕಟ್ಟಳೆ ಮುರಿದ ಶಾಪ, ಚಿರಾ, ತಗಲುತ್ತದೆ, ಕೈಕಾಲು ಸೊರಗಿ ಸಾಯುತ್ತಾರೆ. ಆಗ ಹಿರಿಯರು ಸೇರಿ, ಹುಡುಗ ಸತ್ತ ಎಂದೇ ತೀರ್ಮಾನಿಸೋಣ, ಯಾಗೊ ಹೂಳೋಣ ಎಂದರು. ಯಾಗೊ ಎಂದರೆ ಮರದಿಂದ ಸೋರೆಯಂತೆ ಜೋತಾಡುವ, ಮೊಳದುದ್ದದ ಭಾರದ ಕಾಯಿ. ಹೆಣ ಸಿಗದವನ ಬದಲು ಅದನ್ನು ಮಣ್ಣು ಮಾಡುವುದು. ಮನೆಯಿಲ್ಲದೆ ಗಂಡಸನ್ನು ಹೂಳುವ ಹಾಗಿಲ್ಲವಾದ್ದರಿಂದ, ಒಂದೇ ದಿನದಲ್ಲಿ ಕಡ್ಡಿ ಕಟ್ಟಿ ಮಣ್ಣು ಮೆತ್ತಿ ಹಳೇ ತಗಡು ಹೊದಿಸಿ ಈ ಮನೆ ಎಬ್ಬಿಸಿದರು. ಕಾಯಿಗೆ ಬಟ್ಟೆ ಸುತ್ತಿ ಮನೆಯ ಹಿಂದೆ ಮಲಗಿಸಿ ಇಡೀ ಊರು ಎದೆ ಬಡಿದುಕೊಂಡು ಅತ್ತಿತು. ಅವಿಟಿ ಅಳಲಿಲ್ಲ. ಒಂದು ತರಕಾರಿಗೆ ಹೇಗೆ ಅಳುವುದು ಎಂದು ಅವಳಿಗೆ ನಿಜಕ್ಕೂ ತಿಳಿಯಲಿಲ್ಲ.

ಅಂದಿನಿಂದ ಒಗೋಲಾನ ಮೇಲೆ ಅವಳ ಮನಸ್ಸಿನಲ್ಲೊಂದು ಗಂಟು ಬಿತ್ತು. ಬಾಯಿಬಿಟ್ಟು ಹೇಳಿದವಳಲ್ಲ. ಅವನಿಗೂ ಮುದ್ದೆ ಕಟ್ಟಿ ಕೊಟ್ಟಳು, ಅವನ ಮಕ್ಕಳನ್ನು ಎತ್ತಿ ಆಡಿಸಿದಳು, ಅವರಲ್ಲಿ ಅಜ್ವಾಂಗ್ ಎಂದರೆ ಪ್ರಾಣ. ಆದರೂ ಒಗೋಲಾ ಎದುರಿಗೆ ಬಂದು ಕೂತರೆ, ಹೆಂಡತಿ ಬೇಕೆಂದು ಅಣ್ಣನನ್ನು ಹೂತವನು ಎಂಬ ಮಾತು ಎದೆಯಲ್ಲಿ ಕದಲುತ್ತಿತ್ತು. ಅವರ ಪಂಗಡಕ್ಕೆ ಶನಿವಾರವೇ ಪ್ರಾರ್ಥನೆಯ ದಿನ; ಆ ಶನಿವಾರದ ಚರ್ಚಿಗೆ ಬೇರೆ ಅವನು ಬರುತ್ತಿರಲಿಲ್ಲ. ಬಲೆ ಹರಿದಿದೆ, ಸೊಂಟ ಹಿಡಿದಿದೆ ಎಂದು ಏನಾದರೊಂದು ನೆಪ. ದೇವರಿಗೆ ಮುಖ ತೋರಿಸಲು ಧೈರ್ಯವಿಲ್ಲ, ಇನ್ನೇನು ಎಂದುಕೊಳ್ಳುತ್ತಿದ್ದಳು ಅವಿಟಿ.

ಸತ್ತವನ ಮನೆಗೆ ಯಾರೂ ಕೈ ಹಚ್ಚಬಾರದು. ಮಳೆಗೆ ನೆನೆದು, ಗೆದ್ದಲಿಗೆ ಸವೆದು, ತಾನಾಗಿ ಬೀಳಬೇಕು. ಬಿದ್ದರೆ ಸತ್ತವನ ಋಣ ಮುಗಿಯಿತು. ಅವಿಟಿ ಅದನ್ನು ಬೀಳಗೊಡಲಿಲ್ಲ. ಮಟಮಟ ಮಧ್ಯಾಹ್ನ ಸೇಮೆಯವಳು ಗೊರಕೆ ಹೊಡೆಯುವಾಗ, ಗಂಡಸರು ಕೆರೆದಂಡೆಯಲ್ಲಿರುವಾಗ, ಸಗಣಿ ಮಣ್ಣು ಕಲಸಿಕೊಂಡು ಯಾರ ಕಣ್ಣಿಗೂ ಬೀಳದ ಹಿಂಗೋಡೆಯನ್ನು ಸಾರಿಸಿ ಬರುತ್ತಿದ್ದಳು. ಊರಿಗೆ ಗೊತ್ತಾದರೆ ಹಿರಿಯರು ಶಾಂತಿ ಮಾಡಿಸಿ ಮರುದಿನವೇ ಮನೆ ಕೆಡವಿಸುತ್ತಾರೆ; ಅದು ಬಿದ್ದರೆ ಒಬುರಾ ನಿಜವಾಗಿ ಸತ್ತಂತೆ. ಗೊತ್ತಾಗದೆ ನಡೆದರೆ ಚಿರಾ ಯಾರಿಗೆ ತಗಲುತ್ತದೋ, ಈ ಅಜ್ವಾಂಗಿಗೇ ತಗಲಿಬಿಟ್ಟರೆ? ಎರಡೂ ಭಯ ಅವಳಿಗಿತ್ತು. ಹೆದರಿಕೊಂಡೇ ಸಾರಿಸುತ್ತಿದ್ದಳು.

ಅವಳ ತಲೆ ಕೆಡಿಸಿದ್ದ ಸಂಗತಿಗಳು ಇನ್ನೂ ಎರಡಿದ್ದವು. ಹೂತ ಕಾಯಿ ಸುಮ್ಮನಿರದೆ ಮೊಳೆಯಿತು. ಈಗ ಅದು ತಗಡನ್ನು ಎತ್ತಿ ಹಿಡಿದ ದೊಡ್ಡ ಮರ, ಮೈತುಂಬ ಕಾಯಿ. ಸತ್ತಿದ್ದಾನೆಂದು ಹೂತದ್ದು ಚಿಗುರಿದರೆ ತಾಯಿಯಾದವಳು ಏನೆಂದು ತಿಳಿಯಬೇಕು? ಪಾದ್ರಿಯನ್ನು ಕೇಳಿದರೆ, ಬೀಜ ಕಣಮ್ಮ, ಮೊಳೀತು ಎಂದರು. ಅದು ಅವಳಿಗೂ ಗೊತ್ತಿತ್ತು.

ಎರಡನೆಯದು, ಮೇಲಿನ ಗೋಡೆ. ಅವಿಟಿ ಕುಳ್ಳಿ. ವಯಸ್ಸಾದಂತೆ ಇನ್ನೂ ಕುಗ್ಗಿದ್ದಾಳೆ. ಅವಳ ಕೈ ಎಟುಕುವುದು ಅರ್ಧ ಗೋಡೆಗೆ. ಅದರ ಮೇಲಿನದು ಎಂದೋ ಕರಗಿ ಸುರಿಯಬೇಕಿತ್ತು, ಸುರಿಯಲಿಲ್ಲ. ಪೊರೆ ಬಂದ ಕಣ್ಣಿಗೆ ಮರದ ನೆರಳಲ್ಲಿ ಅಲ್ಲೇನಿದೆಯೋ ಕಾಣದು. ಮರದ ಬೇರು ಹಿಡಿದಿದೆಯೇ? ಅಥವಾ ಅವನೇ ಬಂದು ಹೋಗುತ್ತಾನೆಯೇ? ಹೀಗೆ ಯೋಚಿಸಿದ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಅಜ್ಜಿ, ಈ ಮನೇನ ಯಾರು ಬಿಟ್ಟೋಗಿದ್ದು?" ಮನೆಯ ಸುತ್ತ ತಿರುಗಿ ಫೋಟೋ ತೆಗೆದು ಬಂದ ಅಜ್ವಾಂಗ್ ಕೇಳಿದಳು.

"ನಿಮ್ಮ ದೊಡ್ಡಪ್ಪನ ಮನೆ ಅದು."

"ಅವ್ರು ಅಲ್ಲಿ ಇದ್ದೇ ಇರಲಿಲ್ಲ ಅಂತಾರಲ್ಲ ಅಪ್ಪ. ಇಲ್ಲದೇ ಇದ್ದೋರು ಬಿಟ್ಟೋಗೋದು ಹೆಂಗೆ?"

"ನನ್ನನ್ನ ಯಾಕೆ ಕೇಳ್ತೀಯೇ? ನಿಮ್ಮ ಮೇಷ್ಟ್ರನ್ನ ಕೇಳು," ಎಂದು ಅವಿಟಿ ಸಿಡುಕಿದಳು. ಹುಡುಗಿ ಮುಖ ಸಣ್ಣ ಮಾಡಿಕೊಂಡು ಕಿಸುಮುವಿನ ಬಸ್ಸು ಹತ್ತಿದಳು. ಹಾಗೆ ಸಿಡುಕಬಾರದಿತ್ತು ಎಂದು ಅವಿಟಿ ವಾರವೆಲ್ಲ ಪೇಚಾಡಿದಳು.

ಅಜ್ವಾಂಗ್ ಮತ್ತೆ ಬಂದದ್ದು ಒಂದು ಶನಿವಾರ. ಅವಿಟಿ ಚರ್ಚಿನಿಂದ ಬಂದು ಊಟಕ್ಕೆ ಬಡಿಸಿದ್ದಳು. ಸೇಮೆಯವಳು ಯಾರದೋ ತಿಥಿಯೂಟಕ್ಕೆ ಹೋಗಿದ್ದಳು. ಒಗೋಲಾ ಕೈ ತೊಳೆದು ಮುದ್ದೆ ಮುರಿಯುತ್ತಿದ್ದ. ಅವನ ಬಲಗೈಯಲ್ಲಿ ಕಿರುಬೆರಳಿಲ್ಲ. ಬಲೆಯ ಹಗ್ಗ ಸುತ್ತಿಕೊಂಡು ಕಿತ್ತುಹೋಗಿತ್ತು. ಮೂರು ಬೆರಳು, ಒಂದು ಹೆಬ್ಬೆಟ್ಟು, ಅಷ್ಟರಲ್ಲೇ ಅವನು ಮುದ್ದೆಯನ್ನು ಎಷ್ಟು ನುಣ್ಣಗೆ ಉಂಡೆ ಮಾಡುತ್ತಿದ್ದನೆಂದರೆ ನೋಡಿದವರಿಗೆ ನಗು ಬರುತ್ತಿತ್ತು.

ಅಜ್ವಾಂಗ್ ಚೀಲದಿಂದ ದೊಡ್ಡದೊಂದು ಫೋಟೋ ತೆಗೆದು ಊಟದ ನಡುವೆ ಎಸೆದಳು.

"ಮಾರ್ಕು ಕಟ್ ಮಾಡಿದ್ರು ಮೇಷ್ಟ್ರು. ಮಿಲ್ಲು ಚೆನ್ನಾಗಿದೆಯಂತೆ, ಮೀನಿನ ಶೆಡ್ಡು ಚೆನ್ನಾಗಿದೆಯಂತೆ. ಇದು ಮಾತ್ರ ಸುಳ್ಳಂತೆ. ಎಲ್ಲರ ಮುಂದೆ ಅಂದ್ರು, ಯಾರಿಗೆ ಟೋಪಿ ಹಾಕ್ತೀಯಮ್ಮಾ, ಇದು ಪಾಳುಮನೆ ಅಲ್ಲ, ಯಾರೋ ದಿನಾ ಸಾರಿಸ್ತಿದಾರೆ, ಬೆರಳಚ್ಚು ನೋಡು ಅಂತ. ನೋಡಿದ್ರೆ ಹೌದು! ಯಾರಜ್ಜಿ ಸಾರಿಸೋದು ಅಲ್ಲಿ?"

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಿಟಿ ಮುದ್ದೆಯ ತಟ್ಟೆ ಎತ್ತಿ ಫೋಟೋದ ಮೇಲಿಟ್ಟಳು.

"ಉಣ್ಣು ಮೊದಲು. ಮೀನು ಆರ್ತದೆ."

"ಅಜ್ಜೀ! ಎಣ್ಣೆ ಆಗ್ತದೆ ಅದಕ್ಕೆ!"

ಹುಡುಗಿ ತಟ್ಟೆಯ ಅಡಿಯಿಂದ ಫೋಟೋ ಎಳೆದು ಅಜ್ಜಿಯ ಕೈಗೇ ಕೊಟ್ಟಳು. ಒಗೋಲಾ ತಲೆ ಎತ್ತಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವಿಟಿ ಎದ್ದು ಬಾಗಿಲ ಬಿಸಿಲಿಗೆ ಹೋಗಿ, ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಕ್ಯಾಮೆರಾಕ್ಕೆ ಪೊರೆ ಇರಲಿಲ್ಲ. ಕೆಳಗೆ ಅವಳ ಸಣ್ಣ ಕೈ ಎಳೆದ ಗೆರೆಗಳು, ನಾಲ್ಕು ನಾಲ್ಕಾಗಿ, ಬಿಲ್ಲಿನಂತೆ ಬಾಗಿ, ಅವಳ ತಾಯಿ ಕಲಿಸಿದ ಹಾಗೇ ಇದ್ದವು. ಅವುಗಳ ಮೇಲೆ, ಸೂರಿನ ತನಕ, ಬೇರೆ ಗೆರೆಗಳಿದ್ದವು. ಅಗಲವಾದವು, ಒರಟಾದವು, ಒಂದಕ್ಕೊಂದು ಹೊಂದದವು. ಸಾರಿಸಿ ಅಭ್ಯಾಸವಿಲ್ಲದ ಗಂಡಸಿನ ಕೈಯವು.

ಒಬುರಾ!

ಆ ಒಂದು ಗಳಿಗೆ ಅವಳಿಗೆ ಮಗ ಬಂದೇಬಿಟ್ಟಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇನ್ನೊಮ್ಮೆ ನೋಡಿದಳು. ಮೇಲಿನ ಗೆರೆಗಳು ನಾಲ್ಕು ನಾಲ್ಕಾಗಿರಲಿಲ್ಲ. ಎಲ್ಲವೂ ಮೂರು ಮೂರು.

ಅವಳು ತಿರುಗಿ ಮಗನ ಕೈ ನೋಡಿದಳು. ಮುದ್ದೆ ಹಿಡಿದ ಆ ಕೈ ತಟ್ಟೆಯ ಮೇಲೆ ನಿಂತಲ್ಲೇ ನಿಂತಿತ್ತು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಶನಿವಾರ ಇವತ್ತು ಎಂಬುದು ಅವಳಿಗೆ ನೆನಪಾಯಿತು. ಅವನು ಚರ್ಚಿಗೆ ಬಾರದೆ ಉಳಿದ ಇಷ್ಟು ವರ್ಷದ ಶನಿವಾರಗಳೆಲ್ಲ ಒಟ್ಟಿಗೆ ನೆನಪಾದವು.

"ಒಗೋಲಾ," ಎಂದಳು. ಹೂಳಿಸಿದವನೂ ಇವನೇ, ಬೀಳದಂತೆ ಹಿಡಿದವನೂ ಇವನೇ. ಯಾವ ತುದಿಯಿಂದ ಕೇಳುವುದು? ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿದಳು. "ಗಂಡಸಾಗಿ ಗೋಡೆ ಸಾರಿಸ್ತೀಯಲ್ಲೋ, ಯಾರಾದ್ರೂ ನೋಡಿದ್ರೆ?"

ಒಗೋಲಾ ಮುದ್ದೆಯನ್ನು ತಟ್ಟೆಗೆ ಇಳಿಸಿದ.

"ಮೇಲೆ ನಿನಗೆ ಎಟುಕಲ್ಲವಲ್ಲವ್ವಾ."

ಅವಿಟಿಗೆ ಅಳು ಬಂತು. ಯಾಗೊ ಹೂತ ದಿನ ಬಾರದ ಅಳು, ಅಂದಿನ ಊರವರೆಲ್ಲ ಸೇರಿ ಅತ್ತದ್ದಕ್ಕಿಂತ ಜೋರಾಗಿ ಬಂತು. ಸತ್ತವನಿಗೋ, ಬದುಕಿರಬಹುದಾದವನಿಗೋ, ಎದುರಿಗೆ ಕೂತವನಿಗೋ, ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಅಜ್ವಾಂಗ್ ಒಮ್ಮೆ ಅಪ್ಪನ ಮುಖ, ಒಮ್ಮೆ ಅಜ್ಜಿಯ ಮುಖ ನೋಡುತ್ತ, ತಾನೇನು ತಪ್ಪು ಮಾಡಿದೆನೋ ಎಂದು ಕಂಗಾಲಾದಳು.

"ಅಜ್ಜಿ, ಅಳಬೇಡ. ನಾನು ಬೇರೆ ಏನಾದ್ರೂ ಬರೀತೀನಿ ಬಿಡು. ಈ ಮನೇನ ಬಿಟ್ಟೋಗಿದ್ದು ಯಾರು ಅಂತ ನೀನು ಹೇಳಿದ್ರೆ ಸಾಕು."

ಅವಿಟಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮಡಕೆಯಲ್ಲಿದ್ದ ಮೀನಿನ ತಲೆಯನ್ನು, ಯಾವಾಗಲೂ ತನಗೆಂದೇ ಇಟ್ಟುಕೊಳ್ಳುತ್ತಿದ್ದುದನ್ನು, ಎತ್ತಿ ಒಗೋಲಾನ ತಟ್ಟೆಗೆ ಹಾಕಿದಳು.

"ನೀನು ಬೇರೆ ಮನೆ ಹುಡುಕ್ಕೊಳ್ಳೇ," ಎಂದಳು ಮೊಮ್ಮಗಳಿಗೆ. "ಇದನ್ನ ಯಾರೂ ಬಿಟ್ಟಿಲ್ಲ."