ಮೂರನೆಯ ಕರೆ

ಕೆರೆಯ ಆಚೆ ದಡದಿಂದ ಕೂಗಿದ್ದು ಪ್ರೇತವಲ್ಲ, ಯಕ್ಷಿಯಲ್ಲ. ನನ್ನ ಓರಗಿತ್ತಿ ದೇವಕಿ. ಕೆಸುವಿನ ಎಲೆಯ ಆಸೆಗೆ ಹೋಗಿ ಕೆಸರಿನಲ್ಲಿ ಹೂತಿದ್ದಳು, ಅಷ್ಟೆ. ಈ ಸಂಗತಿಗೆ ಪೆರ್ಲದ ಬಸ್ಸಿನೊಳಗೆ ಈಗಾಗಲೇ ಕೊಂಬು, ಬಾಲ, ಬಿಳಿ ಸೀರೆಗಳೆಲ್ಲ ಮೂಡಿರುವುದರಿಂದ, ನಾಲ್ಕನೆಯ ಕ್ಲಾಸಿಗೆ ನಾನು ವಿದ್ಯೆಯನ್ನೂ ವಿದ್ಯೆ ನನ್ನನ್ನೂ ಬಿಟ್ಟ ಮೇಲೆ ಹಾಲಿನ ಲೆಕ್ಕಕ್ಕಲ್ಲದೆ ಬೇರಾವುದಕ್ಕೂ ಪೆನ್ನು ಹಿಡಿಯದ ನಾನು ಇಂದು ಹಿಡಿಯಬೇಕಾಯಿತು.

ತಲೆಯ ಮೇಲೆ ಸ್ವಂತ ಮಾಡು ಇರುವವರು ಅದನ್ನು ಬಿಟ್ಟು ಬಟ್ಟೆಯ ಗುಡಾರದಲ್ಲಿ ಮಲಗುವುದನ್ನು ಈ ಕಾಲದಲ್ಲಿ ವಿಹಾರ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು, ಬರೆಯುವಂಥದ್ದಲ್ಲ. ಕುಂಬಳೆಯ ಶಾಲೆಯಲ್ಲಿ ಟೀಚರ್ ಆಗಿರುವ ಮೊಮ್ಮಗಳು ಅಶ್ವಿನಿಗೆ ಘಟ್ಟದ ಮೇಲಿನ ದೊಡ್ಡ ರಾಷ್ಟ್ರೀಯ ಉದ್ಯಾನಕ್ಕೇ ಹೋಗುವ ಹಂಬಲವಿತ್ತು. ರಜೆ ಸಾಲದೆ, ನಮ್ಮ ಜಿಲ್ಲೆಯ ಮೂಡಣ ಅಂಚಿನ ಕಾಡಿನ ನಡುವೆ ಕೆರೆಯೊಂದರ ಬದಿಯಲ್ಲಿ ಅರಣ್ಯ ಇಲಾಖೆಯವರು ಹಾಕಿಕೊಡುವ ಗುಡಾರಕ್ಕೆ ತೃಪ್ತಳಾದಳು. ಜೊತೆಗೆ ಬರಬೇಕಿದ್ದ ಗೆಳತಿಯರು ಕಡೇ ಗಳಿಗೆಯಲ್ಲಿ ಕೈಕೊಟ್ಟಾಗ, ಹಾಳಾಗುವ ಅನ್ನವನ್ನು ಮನೆಯ ಮುದುಕಿಯರಿಗೆ ಬಡಿಸುವ ಸಂಪ್ರದಾಯದಂತೆ, ಆ ಜಾಗ ನನಗೂ ದೇವಕಿಗೂ ಬಂತು. ಕೆರೆಯ ಸುತ್ತ ಸುಲಭದ ನಡಿಗೆ ಎಂದು ಮೊಬೈಲಿನಲ್ಲಿ ತೋರಿಸಿದಳು. ಸುಲಭ ಯಾರಿಗೆ ಎಂದು ಅದರಲ್ಲಿ ಬರೆದಿರಲಿಲ್ಲ.

ಸುಳ್ಳು ಹೇಳಬಾರದು, ದಾರಿ ಸುಲಭವೇ ಇತ್ತು. ಮಳೆ ಬಿಟ್ಟು ಹೆಚ್ಚು ದಿನವಾಗಿರದ ಕಾಡು ಸೊಕ್ಕಿ ನಿಂತಿತ್ತು. ನನಗೆ ಸರಿಬಾರದೆ ಹೋದದ್ದು ಕೆರೆ. ನಮ್ಮ ಕಡೆಯ ಕೆರೆಗಳಿಗೆ ಒಂದು ಗುಣವುಂಟು: ಕಪ್ಪೆ ಹಾರುತ್ತದೆ, ಮೀನು ಮಗುಚುತ್ತದೆ, ಯಾರೋ ಬಟ್ಟೆ ಒಗೆಯುತ್ತಾರೆ. ಈ ಕೆರೆ ಎಂತದೂ ಮಾಡುತ್ತಿರಲಿಲ್ಲ. ಎಲೆ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು. ನಾವು ನಡೆದಷ್ಟು ಹೊತ್ತೂ ಅದು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದೆ ಎಂದೇ ನನಗೆ ಅನಿಸುತ್ತಿತ್ತು. ದೇವಕಿ ಸೊಸೆಯಂದಿರ ಸುದ್ದಿ ತೆಗೆದಾಗ, ಯಾವತ್ತೂ ಹಾಗೆ ಹೇಳದ ನಾನು, ಸಣ್ಣ ಸ್ವರದಲ್ಲಿ ಹೇಳು ಎಂದೆ.

ಅಲ್ಲಿ ಕಾಡು ಕಾಯುವ ವಾಚರು ಗೋಪಾಲನ್ ಎಂಬವನು. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಎರಡು ನಿಯಮ ಹೇಳಿದ. ಕಾಡಿನ ಒಂದು ಎಲೆಯನ್ನೂ ಕೀಳಬಾರದು. ಹೊತ್ತು ಕಂತುವಾಗ ಆಚೆ ದಡಕ್ಕೆ ಕಾಲಿಡಬಾರದು; ಆ ಹೊತ್ತಿಗೆ ಆನೆ ನೀರಿಗೆ ಇಳಿಯುತ್ತದೆ. ನಾನು ತಲೆಯಾಡಿಸಿದೆ. ದೇವಕಿಯೂ ತಲೆಯಾಡಿಸಿದಳು, ಆದರೆ ಅವಳ ಕಣ್ಣು ಆಚೆ ದಡದ ಕೆಸುವಿನ ಮೇಲಿತ್ತು. ಆನೆಯ ಕಿವಿಯಷ್ಟಗಲದ ಎಲೆಗಳು. ಆ ಎಲೆಯಿಂದ ಮಾಡುವ ಪತ್ರೊಡೆಯ ವಿಷಯದಲ್ಲಿ ನನ್ನ ಓರಗಿತ್ತಿಗೆ ದೇವರೂ ಇಲ್ಲ, ಸರಕಾರವೂ ಇಲ್ಲ.

ಸಂಜೆ ಅವಳು ಕಾಲುನೋವೆಂದು ಗುಡಾರದೊಳಗೆ ಮಲಗಲು ಹೋದಳು. ಸ್ವಲ್ಪ ಹೊತ್ತಿನಲ್ಲಿ ನಾನು ಬಗ್ಗಿ ನೋಡಿದೆ. ತಲೆಯವರೆಗೆ ಹೊದ್ದು, ಗೋಡೆಗೆ ಮುಖಮಾಡಿ ಮಲಗಿದ್ದಳು, ಗುಡಾರಕ್ಕೆ ಗೋಡೆ ಇದ್ದರೆ. ಅಶ್ವಿನಿಯೂ ನಾನೂ ಹೊರಗೆ ಕಲ್ಲಿನ ಮೇಲೆ ಚಾದ ಪಾತ್ರೆ ಇಟ್ಟುಕೊಂಡು ಕುಳಿತೆವು. ಗೋಪಾಲನ್ ಹಿಂದಿನ ಚಪ್ಪರದಲ್ಲಿ ಗಂಜಿಗಿಡುತ್ತಿದ್ದ. ನೀರಿನ ಮೇಲೆ ಮಂಜು ಹುಟ್ಟಿ, ಆಚೆ ದಡ ಮೆಲ್ಲನೆ ಇಲ್ಲವಾಗತೊಡಗಿತು.

ಆಗ ಆ ಇಲ್ಲದ ದಡದಿಂದ ಸ್ವರ ಬಂತು.

"ಅಕ್ಕಾ."

ದೇವಕಿಯ ಸ್ವರವೇ. ಅಶ್ವಿನಿ ಬಾಯಿ ತೆರೆಯುವ ಮೊದಲೇ ನಾನು ಅವಳ ಕೈ ಹಿಸುಕಿ ಹಿಡಿದೆ.

"ಚಿಕ್ಕಜ್ಜಿ ಅಲ್ವಾ ಅದು?" ಎಂದು ಪಿಸುಗುಟ್ಟಿದಳು.

"ಚಿಕ್ಕಜ್ಜಿ ಒಳಗೆ ಮಲಗಿದ್ದಾಳೆ. ಅದು ಅವಳ ಸ್ವರ ಮಾತ್ರ."

ಓದುಗರು ನಗಬಹುದು, ನಗುವ ಮೊದಲು ನನ್ನ ತವರಿನ ಪಾಠ ಕೇಳಬೇಕು. ಪೆರ್ಲದಿಂದ ಒಳಗಿನ ನಮ್ಮ ಗುಡ್ಡದ ಮನೆಯಲ್ಲಿ, ಮುಸ್ಸಂಜೆಯ ಹೊತ್ತು ಹೊರಗಿನಿಂದ ಯಾರೇ ಕರೆಯಲಿ, ಹೆತ್ತ ತಾಯಿಯೇ ಕರೆಯಲಿ, ಮೂರನೆಯ ಕರೆಯಾಗದೆ ಓಗೊಡುವಂತಿರಲಿಲ್ಲ. ಮನುಷ್ಯನಲ್ಲದ್ದು ಎರಡು ಸಲ ಕರೆದೀತು, ಮೂರನೆಯದಕ್ಕೆ ಅದಕ್ಕೆ ಬಾಯಿ ಬಾರದು. ಶಾಲೆಯಲ್ಲಿ ಕಲಿತ ಮಗ್ಗಿಯೆಲ್ಲ ಮರೆತರೂ ಈ ಒಂದು ಗಣಿತ ನನಗೆ ಮರೆತಿರಲಿಲ್ಲ. ಮದುವೆಯಾಗಿ ಮಕ್ಕಳು ಮರಿಯಾದ ಮೇಲೂ ಕತ್ತಲಾಗುವ ಹೊತ್ತಿಗೆ ಅಂಗಳದಿಂದ ಬಂದ ಎಷ್ಟೋ ಕರೆಗಳನ್ನು ಎಣಿಸಿಯೇ ಬಾಗಿಲು ತೆರೆದವಳು ನಾನು.

"ಅಕ್ಕಾ..." ಎರಡನೆಯದು ತುಸು ಉದ್ದವಿತ್ತು, ಕೊನೆಗೆ ತುಸು ಸೋತಿತ್ತು.

ನಾವಿಬ್ಬರೂ ಕಾದು ಕುಳಿತೆವು. ಮೂರನೆಯದು ಬರಲಿಲ್ಲ. ಮಂಜು ಮಾತ್ರ ನಮ್ಮ ಕಾಲಬುಡಕ್ಕೆ ಬಂತು. ನೋಡಿದೆಯಾ ಎಂಬಂತೆ ಮೊಮ್ಮಗಳ ಕಡೆ ತಿರುಗಿದೆ. ಭಯದಲ್ಲಿಯೂ ನನಗೊಂದು ಹೆಮ್ಮೆ ಇತ್ತು, ಸತ್ಯ ಹೇಳಬೇಕಲ್ಲ. ಗೆದ್ದವಳಂತೆ ಎದ್ದು, ಚಾ ಆರಿಹೋದೀತೆಂದು ದೇವಕಿಯನ್ನು ಎಬ್ಬಿಸಲು ಗುಡಾರದೊಳಗೆ ಹೋಗಿ ಹೆಗಲು ಅಲ್ಲಾಡಿಸಿದೆ. ಹೆಗಲು ಒಳಗೆ ಕುಸಿಯಿತು. ಹೊದಿಕೆಯ ಅಡಿಯಲ್ಲಿ ಇದ್ದದ್ದು ನಮ್ಮ ಬಟ್ಟೆಯ ಚೀಲಗಳು. ಎಲೆ ಕೀಳಲು ಹೋಗುವುದನ್ನು ಮೊಮ್ಮಗಳು ಕಂಡು ಬೈದಾಳೆಂದು, ಹಾಸ್ಟೆಲಿನ ಹುಡುಗಿಯಂತೆ ಚೀಲಕ್ಕೆ ಹೊದಿಸಿಟ್ಟು ಹಿಂದಿನಿಂದ ನುಸುಳಿ ಹೋಗಿದ್ದಳು ಮಹಾತಾಯಿ.

ಹೊರಗೆ ಓಡಿ ಬಂದು ಕೂಗಲು ಬಾಯಿ ತೆರೆದೆ. ಕರೆ ಕೇಳಿ ಚಪ್ಪರದಿಂದ ಬಂದಿದ್ದ ಗೋಪಾಲನ್ ಅಡ್ಡ ನಿಂತು ಕೈಯೆತ್ತಿದ. ಆಚೆ ನೀರಿನಲ್ಲಿ ಸದ್ದಾಗುತ್ತಿತ್ತು. ದೊಡ್ಡದೊಂದು ಹಂಡೆಯನ್ನು ಯಾರೋ ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ ಮಾಡುವಂತೆ. ಮಂಜಿನೊಳಗೆ ಮಂಜಿಗಿಂತ ಕಪ್ಪಾದದ್ದೊಂದು ನಿಂತಿತ್ತು.

"ಮಿಂಡರುದ್," ಎಂದ. ಮಾತಾಡಬಾರದು. "ನೀವು ಕೂಗಿದರೆ ಆನೆ ಬೆದರಿ ಆಚೆಯ ಅಮ್ಮನ ಕಡೆಗೇ ತಿರುಗೀತು."

ಓಗೊಡಬೇಕಾದಾಗ ಓಗೊಡಲಿಲ್ಲ, ಓಗೊಡಲು ಗಂಟಲು ಹರಿಯುತ್ತಿರುವಾಗ ಓಗೊಡುವಂತಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ನನ್ನ ಗಂಡ ಹೋದಾಗಲೂ ನಾನು ಹಾಗೆ ನಿಂತವಳಲ್ಲ. ಒಂದೇ ಒಲೆಯ ಹೊಗೆ ಕುಡಿದು, ಒಬ್ಬಳ ಹೆರಿಗೆಗೆ ಇನ್ನೊಬ್ಬಳು ನೀರು ಕಾಯಿಸಿ, ಉಪ್ಪು ಹೆಚ್ಚಾಯಿತು ಎಂದು ವಾರಗಟ್ಟಲೆ ಮಾತು ಬಿಟ್ಟು ಮುದುಕಿಯರಾದವರು ನಾವು. ಅವಳು ಇಲ್ಲದ ಮನೆಯಲ್ಲಿ ನಾನು ಬೈಯುವುದಾದರೂ ಯಾರನ್ನು? ಆ ಕಡೆಯಿಂದ ಉಸಿರಿನ ಸದ್ದು ಕೂಡ ಇರಲಿಲ್ಲ. ಬದುಕಿದ್ದಾಳೋ ಎಂದು ತಿಳಿಯುವುದಕ್ಕಾದರೂ ಅವಳು ಇನ್ನೊಮ್ಮೆ ಕರೆಯಲಿ ಎಂದು ಹಾರೈಸಿದೆ; ಕರೆದರೆ ಆನೆ ಕೇಳೀತಲ್ಲ ಎಂದು ಕರೆಯದಿರಲಿ ಎಂದೂ ಹಾರೈಸಿದೆ. ದೇವರನ್ನು ಎರಡು ಬಾಯಲ್ಲಿ ಬೇಡಿದರೆ ಅವನಾದರೂ ಎಂತ ಮಾಡಿಯಾನು?

ಆನೆ ಅವಸರ ಮಾಡಲಿಲ್ಲ. ಕುಡಿಯಿತು, ಮಿಂದಿತು, ಸಾವಕಾಶವಾಗಿ ಹತ್ತಿ ಬಿದಿರನ್ನು ಮುರಿಯುತ್ತ ಕಾಡಿನೊಳಗೆ ಹೋಯಿತು. ಬಿದಿರಿನ ಸದ್ದು ದೂರವಾದ ಮೇಲೆ ಗೋಪಾಲನೂ ಅಶ್ವಿನಿಯೂ ಹಲಗೆ, ಹಗ್ಗ, ಟಾರ್ಚು ಹಿಡಿದು ಓಡಿದರು. ತೊಡೆಯವರೆಗೆ ಕೆಸರಿನಲ್ಲಿ ಹೂತಿದ್ದವಳನ್ನು ಎಳೆದು ತೆಗೆದು, ಬೆನ್ನಿನಲ್ಲಿ ಹೊತ್ತು ತಂದರು. ಮೈ ತಣ್ಣಗಾಗಿ ಹಲ್ಲು ಕಟಕಟಿಸುತ್ತಿತ್ತು. ಕಂಕುಳಲ್ಲಿ ಎಲೆಯ ಕಟ್ಟು ಹಾಗೇ ಇತ್ತು; ಗೋಪಾಲನ್ ಅದನ್ನು ಕಂಡೂ ಕಾಣದವನಂತೆ ಚಪ್ಪರದ ಕಡೆ ಹೋದ.

ಬೆಂಕಿಯ ಬದಿಯಲ್ಲಿ ಅವಳ ಕಾಲು ತಿಕ್ಕುತ್ತ ನನಗೆ ಬಂದದ್ದು ಅಳುವಲ್ಲ, ಸಿಟ್ಟು.

"ಇನ್ನೊಂದು ಸಲ ಕರೆಯಲಿಕ್ಕೆ ನಿನಗೆ ಎಂತ ಧಾಡಿ ಮಾರಾಯ್ತಿ? ಆಗ ಆನೆಯೂ ಇರಲಿಲ್ಲ. ಮೂರನೆಯದಕ್ಕೆ ನಾನು ಬರುತ್ತಿದ್ದೆನಲ್ಲ."

ದೇವಕಿ ನನ್ನನ್ನೇ ನೋಡಿದಳು.

"ನೀರಿನ ಬದಿಯಲ್ಲಿ ಮೂರು ಸಲ ಕರೆಯಲಿಕ್ಕೆ ನೀನು ಎಂತ ಸತ್ತಿದ್ದೀಯಾ ಅಕ್ಕಾ?"

ಅವಳ ತವರು ಬಂದ್ಯೋಡಿನ ಕಡೆ, ಕಡಲಿಗೆ ಹತ್ತಿರ. ಆ ಮನೆಯಲ್ಲಿ ಸತ್ತವರ ಪಿಂಡವನ್ನು ನೀರಿಗೆ ಬಿಟ್ಟು, ದಡದಲ್ಲಿ ನಿಂತು ಮೂರು ಸಲ ಕರೆಯುವ ಕ್ರಮವಂತೆ. ಹಾಗಾಗಿ ಬದುಕಿರುವವರನ್ನು ನೀರಿನ ಬದಿಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಕರೆಯುವಂತಿಲ್ಲ. ಕರೆದರೆ ಅವರ ಆಯುಸ್ಸಿಗೆ ಕೇಡು. ತೊಡೆಯವರೆಗೆ ಹೂತರೂ ಸರಿ, ಅಕ್ಕನ ಆಯುಸ್ಸು ಕಡಿಮೆಯಾಗಬಾರದು ಎಂದು ಬಾಯಿ ಮುಚ್ಚಿ ನಿಂತಿದ್ದಳು. ಈಚೆ ದಡದಲ್ಲಿ ನಾನು ನನ್ನ ಜೀವದ ಭಯದಿಂದ ಬಾಯಿ ಮುಚ್ಚಿ ಕುಳಿತಿದ್ದೆ. ಬಾವಿಕಟ್ಟೆಯಿಂದ ಎರಡು ಸಲ ಕರೆದು, ನಾನು ಬಾರದಿದ್ದರೆ ತಾನೇ ಕೊಡ ಹೊತ್ತು ಬರುತ್ತಿದ್ದವಳನ್ನು ಇಷ್ಟು ವರ್ಷ ಜಂಬದವಳು ಎಂದು ಹೇಳಿಕೊಂಡು ಬಂದವಳು ನಾನೇ.

ಎರಡೂ ಶಾಸ್ತ್ರಗಳನ್ನು ಹಿರಿಯರು ಜೀವ ಉಳಿಯಲೆಂದೇ ಮಾಡಿದ್ದು. ಎರಡೂ ಸೇರಿ ಒಂದು ಜೀವವನ್ನು ಆನೆಯ ಎದುರು ನಿಲ್ಲಿಸಿದವು. ಶಾಸ್ತ್ರವನ್ನು ಹಳಿಯುವಷ್ಟು ಓದು ನನಗಿಲ್ಲ. ಆದರೆ ಇಷ್ಟು ಹೊಳೆಯಿತು: ಭೂತಕ್ಕೆ ಓಗೊಟ್ಟರೆ ಎಂತಾಗುತ್ತದೋ, ಕಂಡು ಬಂದು ಹೇಳಿದವರಿಲ್ಲ, ಮನುಷ್ಯರಿಗೆ ಓಗೊಡದಿದ್ದರೆ ಎಂತಾಗುತ್ತದೆ ಎಂಬುದನ್ನು ನಾನು ಆ ದಡದಲ್ಲಿ ನಿಂತು ಕಂಡೆ.

ಮರುದಿನ ಬೆಳಿಗ್ಗೆ ನಸುಕಿಗೇ ಎಚ್ಚರವಾಯಿತು. ಅಶ್ವಿನಿ ಒಂದು ಬದಿಗೆ, ದೇವಕಿ ಇನ್ನೊಂದು ಬದಿಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮುಟ್ಟಿ, ಚಿವುಟಿ ನೋಡಿದೆ, ಚೀಲವಲ್ಲ, ಅವಳೇ. ಹೊರಗೆ ಬಂದು ಮುಖ ತೊಳೆಯುತ್ತಿದ್ದಾಗ, ಮಂಜು ಮುಚ್ಚಿದ್ದ ಆಚೆ ದಡದಿಂದ, ದೇವಕಿಯದೇ ಸ್ವರದಲ್ಲಿ, "ಅಕ್ಕಾ" ಎಂದು ಕೇಳಿತು. ಒಂದೇ ಸಲ.

ನಾನು ಎಣಿಸಲಿಲ್ಲ. ನೀರಿನ ಅಂಚಿಗೆ ಹೋಗಿ, ಗಂಟಲು ಬಿಚ್ಚಿ, "ಓ, ಇಲ್ಲಿದ್ದೇನೆ" ಎಂದೆ. ಮತ್ತೆ ಬಂದು ಚಾಕ್ಕೆ ನೀರಿಟ್ಟೆ.