ಯಜಮಾನರ ದೂರದೃಷ್ಟಿ

ಜಾಲಹಳ್ಳಿಯಲ್ಲಿ, ಕಾರ್ಖಾನೆಗಳ ಯಂತ್ರ ಸಾಗಿಸಲು ಮರದ ಪೆಟ್ಟಿಗೆ ಮಾಡಿಕೊಡುವ ಕಂಪನಿಯೊಂದರಲ್ಲಿ ನಾನು ಬಹಳ ವರ್ಷ ಮ್ಯಾನೇಜರ್ ಆಗಿದ್ದೆ. ಆರ್ಡರು ಕಮ್ಮಿಯಾಗುತ್ತಾ ಬಂದಾಗ ನಮ್ಮ ಯಜಮಾನರು ಮಾಡಿದ್ದಿಷ್ಟೇ: ವಾಸ್ತು ಹೇಳುವವನನ್ನು ಕರೆಸಿ ಗೇಟನ್ನು ಪೂರ್ವಕ್ಕೆ ತಿರುಗಿಸಿದರು.

ಆ ದಿನಗಳಲ್ಲೇ ವಾಯುಪಡೆಯ ಅಧಿಕಾರಿಯೊಬ್ಬರ ಹೆಂಡತಿ ಬಂದರು. ಧಾರವಾಡದ ಕಡೆಯವರು. ಗಂಡನಿಗೆ ವರ್ಗವಾಗಿತ್ತು, ಮನೆ ಸಾಮಾನು ಪ್ಯಾಕ್ ಮಾಡಿಕೊಡಿ ಎಂದರು.

"ನಾವು ಮಷೀನ್‌ಗೆ ಮಾತ್ರ ಮಾಡೋದು ಕಣಮ್ಮ. ಪಾತ್ರೆಪಡಗಕ್ಕೆಲ್ಲ ಅಲ್ಲ" ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ.

"ಮಷೀನ್ ಒಡೀದಂಗ ಕಳಸ್ತೀರಲ್ರೀ, ನನ್ನ ಗಾಜಿನ ಕಪಾಟ ಯಾಕ ಆಗಂಗಿಲ್ಲ?" ಆಕೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಅವರನ್ನು ಎಬ್ಬಿಸಿ ಕಳಿಸಲಿಕ್ಕೆಂದೇ ಯಜಮಾನರು ಒಪ್ಪಿದರು. ಬಡಗಿಗಳು ಗೊಣಗುತ್ತಲೇ ಕಪಾಟಿನ ಅಳತೆಗೆ ಪೆಟ್ಟಿಗೆ ಹೊಡೆದರು. ಗಾಜು ಒಡೆಯದೆ ಹೊಸ ಊರು ಸೇರಿತು, ವಾಯುಪಡೆ ಕ್ವಾರ್ಟರ್ಸಿನ ಮನೆಮನೆಗೂ ಸುದ್ದಿ ಹೋಯಿತು. ಪಿಂಗಾಣಿ ಸುತ್ತುವುದು, ಸೋಫಾದ ಕಾಲು ಬಿಚ್ಚುವುದು, ಲಾರಿ ಗೊತ್ತುಮಾಡುವುದು, ಎಲ್ಲವನ್ನೂ ಆ ಮನೆಗಳವರೇ ಬೈದು ಬೈದು ನಮಗೆ ಕಲಿಸಿದರು. ಕೆಲವೇ ವರ್ಷಗಳಲ್ಲಿ ನಮ್ಮದು ಮನೆ ಸಾಗಿಸುವ ಕಂಪನಿಯಾಗಿತ್ತು.

ಆಮೇಲೆ ಯಲಹಂಕದ ಮ್ಯಾನೇಜ್‌ಮೆಂಟ್ ಕಾಲೇಜೊಂದು ಯಜಮಾನರನ್ನು ಭಾಷಣಕ್ಕೆ ಕರೆಯಿತು. ಹೊಸ ಸೂಟು ಹೊಲಿಸಿಕೊಂಡು ಹೋದರು. ಜೊತೆಗೆ ನನ್ನನ್ನೂ ಎಳೆದೊಯ್ದರು.

"ಮಾರ್ಕೆಟ್ ಎತ್ಲಾಗೆ ತಿರುಗುತ್ತೆ ಅಂತ ನಂಗೆ ಮೊದ್ಲೇ ಕಾಣಿಸ್ತು. ಅದಕ್ಕೆ ತಕ್ಕಂಗೆ ಕಂಪನಿ ಸಾಮರ್ಥ್ಯ ಬೆಳೆಸ್ದೆ" ಎಂದರು ಮೈಕಿನಲ್ಲಿ.

ಭಾಷಣದಲ್ಲೆಲ್ಲೂ ಕುರ್ಚಿ ಎಳೆದು ಕೂತ ಆ ಹೆಂಗಸಿನ ಸುದ್ದಿಯೇ ಇಲ್ಲ. ಹುಡುಗರು ಬರೆದುಕೊಂಡರು. ನನಗೆ ನಗುವೂ ಬರಲಿಲ್ಲ, ಹೇಸಿಗೆಯಾಯಿತು.

ಯಜಮಾನರು ತಮ್ಮ ಭಾಷಣವನ್ನು ತಾವೇ ನಂಬಿಬಿಟ್ಟಿದ್ದು ಇನ್ನೂ ಕೆಟ್ಟದ್ದಾಯಿತು. "ಇನ್ಮೇಲೆ ನಮ್ದು ಆ್ಯಪ್ ಕಂಪನಿ ಕಣ್ರೀ, ಬುಕಿಂಗೆಲ್ಲ ಫೋನಲ್ಲೇ. ಮರಗೆಲಸ ಯಾಕೆ?" ಎಂದು ಬಡಗಿಗಳನ್ನು ಕೆಲಸದಿಂದ ತೆಗೆದು, ರಟ್ಟಿನ ಡಬ್ಬ ತರಿಸಿದರು. ಮೊದಲ ಮಳೆಗೇ ಡಬ್ಬಗಳು ಮೆತ್ತಗಾಗಿ, ಹೆಬ್ಬಾಳದ ಮನೆಯೊಂದರ ಗಾಜಿನ ಸಾಮಾನೆಲ್ಲ ಲಾರಿಯಲ್ಲೇ ಪುಡಿಯಾಯಿತು. ಕ್ವಾರ್ಟರ್ಸಿನವರು ನಮ್ಮ ಫೋನು ಎತ್ತುವುದನ್ನೇ ಬಿಟ್ಟರು.

ಅಷ್ಟರಲ್ಲಿ ಬಡಗಿಗಳು ಕೊಡಿಗೇಹಳ್ಳಿಯಲ್ಲಿ ತಮ್ಮದೇ ಶೆಡ್ ಹಾಕಿದ್ದರು. ಅವರನ್ನು ವಾಪಸ್ ಕರೆತರಲು ಯಜಮಾನರು ನನ್ನನ್ನೇ ಅಟ್ಟಿದರು.

"ನಾವ್ಯಾಕ್ ಬರಣ ಸಾರ್? ನೀವೇ ಇಲ್ಲಿಗೆ ಬನ್ನಿ. ಆರ್ಡರ್ ನೋಡ್ಕೊಳ್ಳೋಕೆ ಒಬ್ರು ಬೇಕು" ಎಂದ ಅವರಲ್ಲಿ ಹಿರಿಯ.

ನಾನು ಆ ವಾರವೇ ಸೇರಿಕೊಂಡೆ. ಯಜಮಾನರು ಈಗ ಕಂಪನಿಯ ಜಾಗವನ್ನು ಗೋಡೌನಿಗೆ ಬಾಡಿಗೆ ಕೊಟ್ಟು, ಕಂಪನಿ ಬೆಳೆಸುವುದು ಹೇಗೆಂದು ಕ್ಲಾಸು ನಡೆಸುತ್ತಾರೆ. ಫೀಸು ಕಟ್ಟಿ ಕೇಳುವವರೂ ಇದ್ದಾರೆ.