ಸೀಮೆಗಲ್ಲು ದಾಟಿದ ನಮ್ಮತ್ತೆ

1951ರ ಬೇಸಿಗೆ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಡಳಿತ ಹೋಗಿ ಎರಡೂವರೆ ವರ್ಷವಾಗಿತ್ತು. ನಾನು ಮಸ್ಕಿಯಿಂದ ಸಿಂಧನೂರಿನ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಈಗ ಆ ಕಡೆ ಹೋದವರಿಗೆ ಕಾಣುವ ಕಾಲುವೆಯಾಗಲಿ, ಭತ್ತದ ಗದ್ದೆಯಾಗಲಿ ಆಗ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಎರೆ ಹೊಲ. ಜೋಳ ಬಿಟ್ಟರೆ ಹತ್ತಿ. ಹತ್ತಿ ಬಿಡಿಸಿದ ಮೇಲೆ ಒಣಗಿದ ಗಿಡಗಳನ್ನು ಕಿತ್ತು ತಂದು ಮನೆ ಮುಂದೆ ಒಟ್ಟುತ್ತಿದ್ದರು. ವರ್ಷವಿಡೀ ಒಲೆಗೆ ಅದೇ ಕಟ್ಟಿಗೆ.

ನಮ್ಮ ಮನೆಯಲ್ಲಿ ಮೂರೇ ಜನ. ನಾನು, ನನ್ನ ಯಜಮಾನರು, ನಮ್ಮತ್ತೆ ನಾಗಮ್ಮನವರು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಗನನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೊಲ ಮಾಡಿಸಿದವರು. ನಾಲಿಗೆ ಬಹಳ ಹರಿತ. ನಾನು ಬಡಿದ ಮೊದಲ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ತವರಿಂದ ಬರೂವಾಗ ಮಸ್ಕಿ ಗುಡ್ಡದ ಕಲ್ಲು ಕಟಗೊಂಡು ಬಂದೀಯೇನವ್ವ?" ಎಂದಿದ್ದರು. ಯಜಮಾನರು ತಾಯಿಯ ಮುಂದೆ ತುಟಿ ಎರಡು ಮಾಡಿದವರಲ್ಲ. ಹೀಗಾಗಿ ಮನೆಯಲ್ಲಿ ಮಾತು ಆಡುವವರು ಅತ್ತೆಯೊಬ್ಬರೇ. ನನಗೆ ಅವರ ಮೇಲೆ ಪ್ರೀತಿ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ಬೇಸಿಗೆಯಲ್ಲಿ ಕಾಲರಾ ಬಂತು. ಮೊದಲು ಹಳ್ಳಿಯಲ್ಲಿ ಬಂತೋ ಪೇಟೆಯಲ್ಲಿ ಬಂತೋ ಯಾರಿಗೂ ಗೊತ್ತಿಲ್ಲ. ಸಂತೆಗೆ ಬಂದ ಹಳ್ಳಿಯವರೇ ತಂದರು ಎಂದು ಸಿಂಧನೂರಿನವರು, ಸಂತೆಯಿಂದಲೇ ಹತ್ತಿತು ಎಂದು ನಾವು. ಪೇಟೆಯವರು ಹಳ್ಳಿಯ ದಾರಿಗಳಿಗೆಲ್ಲ ಜಾಲಿ ಮುಳ್ಳು ಹಚ್ಚಿ, ಬಡಿಗೆ ಹಿಡಿದ ಗಂಡಸರನ್ನು ಕಾವಲಿಗೆ ಕೂರಿಸಿದರು. ಇತ್ತ ಸುತ್ತಲಿನ ಹಳ್ಳಿಗಳವರೂ ಸೇರಿ, ಪೇಟೆಗೆ ಹಾಲು, ಮೊಸರು, ಕಟ್ಟಿಗೆ ಏನೂ ಹೋಗಬಾರದು ಎಂದು ಕಟ್ಟು ಮಾಡಿದರು. ಅವರಿಗೆ ನಮ್ಮ ಕಟ್ಟಿಗೆ ಇಲ್ಲದೆ ಒಲೆ ಹತ್ತುವುದಿಲ್ಲ, ನಮಗೆ ಅವರ ದವಾಖಾನೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಎರಡೂ ಕಡೆಯವರು ಬಿಗಿದುಕೊಂಡು ಕೂತರು.

ಇದರ ನಡುವೆ ತಪ್ಪದೆ ನಡೆಯುತ್ತಿದ್ದದ್ದು ಒಂದೇ, ಅಮ್ಮನನ್ನು ಸೀಮೆ ದಾಟಿಸುವುದು. ಈಗಿನವರಿಗೆ ಇದು ತಿಳಿಯದಿರಬಹುದು. ಇಂಥ ಬೇನೆ ಬಂದರೆ ಊರಮ್ಮ ಸಿಟ್ಟಾಗಿದ್ದಾಳೆ ಎಂದು ತಿಳಿದು, ಬಂಡಿಗೆ ಬೇವಿನ ತೊಪ್ಪಲು ಕಟ್ಟಿ, ಹಳದಿ ಸೀರೆ ಹೊದಿಸಿ, ಒಳಗೆ ಅಮ್ಮನ ಮೂರ್ತಿ ಕೂರಿಸಿ ತಮ್ಮ ಸೀಮೆಗಲ್ಲಿನ ತನಕ ಒಯ್ದು ಬಿಡುತ್ತಿದ್ದರು. ಬಿಟ್ಟವರು ಹಿಂದೆ ತಿರುಗಿ ನೋಡದೆ ಮನೆಗೆ ಹೋಗಬೇಕು. ಆಚೆ ಊರಿನವರು ಪೂಜೆ ಮಾಡಿ, ಹೆಣ್ಣುಮಕ್ಕಳು ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬಿ ಬರಮಾಡಿಕೊಂಡು, ತಮ್ಮ ಊರು ದಾಟಿಸಿ ಮುಂದಿನವರ ಸೀಮೆಗೆ ಮುಟ್ಟಿಸಬೇಕು. ಬಂದ ಅಮ್ಮನನ್ನು ಬೇಡ ಎನ್ನುವ ಹಾಗಿಲ್ಲ. ಹಿಂದಕ್ಕೆ ಕಳಿಸುವುದಂತೂ ಸಾಧ್ಯವೇ ಇಲ್ಲ. ಹೀಗೆ ಒಂದೂರಿನ ಬೇನೆ ಇನ್ನೊಂದೂರಿಗೆ ಬಹಳ ಮರ್ಯಾದೆಯಿಂದ ಹೋಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಅತ್ತೆಗೆ ವಾಂತಿಭೇದಿ ಹತ್ತಿತು. ಬಿಸಿಲೇರುವ ಹೊತ್ತಿಗೆ ಕಣ್ಣು ಒಳಗೆ ಹೋಗಿ, ಕೈಬೆರಳು ಸುಕ್ಕಾಗಿ, ದನಿ ಬಿದ್ದುಹೋಯಿತು. ಅಷ್ಟು ಗಟ್ಟಿ ಹೆಂಗಸು ಅರ್ಧ ದಿನದಲ್ಲಿ ಹಾಗಾಗಿ ಹೋದರು. ಸಿಂಧನೂರಿನ ಶಾಲೆಯ ಬಯಲಿನಲ್ಲಿ ಡೇರೆ ಹಾಕಿಕೊಂಡು ರಾಯಚೂರಿನಿಂದ ಬಂದ ಡಾಕ್ಟರರು ಕೂತಿದ್ದಾರೆ, ಸೂಜಿ ಚುಚ್ಚಿ ಮೈಗೆ ನೀರು ಏರಿಸುತ್ತಾರೆ ಎಂದು ಸುದ್ದಿ ಇತ್ತು.

"ಬಂಡಿ ಹೂಡ್ರಿ" ಎಂದೆ.

"ಒಳಗ ಬಿಡಂಗಿಲ್ಲ ಅವ್ರು. ಬಡಿಗಿ ಹಿಡಕೊಂಡು ಕುಂತಾರ" ಎಂದರು ಯಜಮಾನರು.

"ಇಲ್ಲೇ ಇದ್ರ ಸಂಜಿತನಕ ಉಳಿಯಂಗಿಲ್ರಿ ಅತ್ತಿ. ಹೂಡ್ರಿ ಮೊದ್ಲ."

ನಮ್ಮ ಬಂಡಿಗೆ ಮೇಲೆ ಏನೂ ಮುಚ್ಚಿಗೆ ಇರಲಿಲ್ಲ. ಬಿಸಿಲು ಬೆಂಕಿಯಾಗಿತ್ತು. ಯಜಮಾನರು ನಾಲ್ಕು ಗೂಟ ನೆಟ್ಟು ಬೇವಿನ ಟೊಂಗೆ ಕಡಿದು ಕಟ್ಟಿದರು. ಅದೂ ಸಾಲದೆಂದು ನಾನು ನನ್ನ ಮದುವೆಯ ಹಳದಿ ಇಳಕಲ್ ಸೀರೆ ತಂದು ಮೇಲಿಂದ ಇಳಿಬಿಟ್ಟೆ. ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಒಳಗೆ ಕೂತೆ. ಅವರು ಎತ್ತಿನ ಹಗ್ಗ ಹಿಡಿದು ಬಂಡಿಯ ಪಕ್ಕದಲ್ಲೇ ನಡೆದರು. ಏನು ಮಾಡಿಟ್ಟಿದ್ದೇವೆ ಎಂಬುದು ದಾರಿಯುದ್ದಕ್ಕೂ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸೀಮೆಗಲ್ಲು ಇನ್ನೂ ಒಂದು ಹೊಲದಷ್ಟು ದೂರ ಇರುವಾಗಲೇ ಆಚೆಯಿಂದ ಕೂಗು ಕೇಳಿಸಿತು.

"ಅಲ್ಲೇ ಬಿಡ್ರಿ! ಬಂಡಿ ಕಲ್ಲಿನ ತಾವ ಬಿಟ್ಟು ಹೋಗ್ರಿ! ಹಿಂದಕ ತಿರುಗಿ ನೋಡಬ್ಯಾಡ್ರಿ!"

ಸೀರೆಯ ಸಂದಿಯಿಂದ ನೋಡಿದೆ. ಬಡಿಗೆ ಹಿಡಿದವರು ಬಡಿಗೆ ಕೆಳಗಿಟ್ಟು ಕೈ ಮುಗಿದು ನಿಂತಿದ್ದರು. ಒಬ್ಬ ಊರೊಳಗೆ ಓಡುತ್ತಿದ್ದ. ನಾಲ್ಕು ಜನ ಜಾಲಿ ಮುಳ್ಳನ್ನು ದಾರಿಯಿಂದ ಎಳೆದು ಹಾಕುತ್ತಿದ್ದರು. ಆಗ ನನಗೆ ತಿಳಿಯಿತು. ನಮ್ಮ ಬಂಡಿಯನ್ನು ಅವರು ಅಮ್ಮನ ಬಂಡಿ ಅಂದುಕೊಂಡಿದ್ದರು.

ಯಜಮಾನರು, "ಇಲ್ರಿ, ಇದು..." ಎಂದು ಬಾಯಿ ತೆಗೆದರು. ಹುಟ್ಟಿದಾಗಿನಿಂದ ಮಾತಾಡದ ಮನುಷ್ಯ ಅವತ್ತೇ ಮಾತಾಡಬೇಕೆ? ನಾನು ಒಳಗಿನಿಂದಲೇ ಅವರ ಅಂಗಿ ಹಿಡಿದು ಜಗ್ಗಿದೆ.

"ಸುಮ್ನ ಹೋಗ್ರಿ. ನಾ ಅದೀನಿ" ಎಂದು ಪಿಸುಗುಟ್ಟಿದೆ.

"ಅಮ್ಮನ ಜೋಡಿ ಆಟ ಆಡಿದಂಗ ಆಗ್ತದಲೇ ಇದು."

"ಆಗ್ಲಿ. ಹೋಗ್ರಿ."

ಬಂಡಿ ಕಲ್ಲಿನ ಹತ್ತಿರ ನಿಲ್ಲಿಸಿ ಅವರು ತಿರುಗಿ ನಡೆದರು. ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ಡೊಳ್ಳಿನ ಸದ್ದು, ಜನರ ಸದ್ದು ಹತ್ತಿರವಾಯಿತು. ಯಾರೋ ಗಾಲಿಗೆ ಕಾಯಿ ಒಡೆದರು, ಯಾರೋ ಎತ್ತಿನ ಹಗ್ಗ ಹಿಡಿದರು. ಅಷ್ಟರಲ್ಲಿ ಅತ್ತೆ ಮಿಸುಕಾಡಿ "ನೀರು..." ಎಂದರು. ಬಂಡಿ ಇನ್ನೂ ಕಲ್ಲು ದಾಟಿರಲಿಲ್ಲ. ನಾನು ಅವರ ಬಾಯಿಯ ಮೇಲೆ ಕೈಯಿಟ್ಟೆ. ಸಾಯುತ್ತಿರುವವರು ನೀರು ಕೇಳಿದಾಗ ಬಾಯಿ ಮುಚ್ಚುವುದು ಹೇಗಿರುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ಗಾಲಿ ಒಮ್ಮೆ ಕುಲುಕಿ ಕಲ್ಲು ದಾಟಿತು. ಆಮೇಲೆ ಕೈ ತೆಗೆದೆ.

ಬಂಡಿ ನಿಂತಿತು. ಉಡಿ ತುಂಬಲು ಒಬ್ಬ ಹೆಣ್ಣುಮಗಳು ಮುಂದೆ ಬಂದರು. ಎಲೆ ಅಂಗಡಿಯ ವೀರಭದ್ರಪ್ಪನವರ ಹೆಂಡತಿ ಅಮರಮ್ಮ ಎಂದು ಆಮೇಲೆ ಗೊತ್ತಾಯಿತು. ಮೊರದಲ್ಲಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ. ಸೀರೆ ಸರಿಸಿದರು. ಕಂಡದ್ದು ನಾನು, ಮತ್ತೆ ಬರಿಗೈಯ, ಬರಿಹಣೆಯ ನಮ್ಮತ್ತೆ. ಅಮರಮ್ಮ ಮೊರವನ್ನು ತಟ್ಟನೆ ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದರು. ಗಂಡನಿಲ್ಲದವರಿಗೆ ಉಡಿ ತುಂಬುವುದಿಲ್ಲವಲ್ಲ.

ಡೊಳ್ಳು ನಿಂತಿತು.

"ಮೋಸ! ಬ್ಯಾನಿ ಬಂದಾಕಿನ್ನ ಅಮ್ಮ ಅಂತ ತಂದು ಬಿಟ್ಟಾರ. ಹೊಡೀರಿ ಎತ್ತಿನ್ನ ಹಿಂದಕ!" ಎಂದು ಒಬ್ಬ ಬಡಿಗೆ ಎತ್ತಿದ.

ನಾನು ಕೆಳಗೆ ಇಳಿದು ಎತ್ತಿನ ಮುಂದೆ ನಿಂತೆ. "ನಾವು ಅಮ್ಮ ಅಂತ ಹೇಳಿಲ್ರಿ. ನೀವೇ ಅಂದ್ರಿ" ಎಂದೆ.

ಆಗ ವೀರಭದ್ರಪ್ಪನವರು ಮುಂದೆ ಬಂದರು. ಎತ್ತರದ ಮುದುಕರು, ಎಲೆಯಡಿಕೆ ತಿಂದು ಕೆಂಪಾದ ಬಾಯಿ, ಊರವರಿಗೆಲ್ಲ ಮುತ್ಯಾ, ಅಂದರೆ ಅಜ್ಜ. ಬಡಿಗೆ ಎತ್ತಿದವನ ಕೈ ಹಿಡಿದು ಇಳಿಸಿದರು.

"ಸೀಮಿ ದಾಟಿದ್ದನ್ನ ಹಿಂದಕ ಕಳಸೂ ಪದ್ಧತಿ ಐತೇನಪಾ ನಮ್ಮಲ್ಲಿ?"

"ಮುತ್ಯಾ, ಇದು ಅಮ್ಮ ಅಲ್ಲ!"

"ಕಾಯಿ ಯಾರು ಒಡದ್ರು?"

"ನಾನಾ ಒಡದೀನಿ."

"ಹಗ್ಗ ಯಾರು ಹಿಡದ್ರು? ನಾವಾ. ಕೈ ಮುಗದು ಒಳಗ ಕರಕೊಂಡು ಬಂದ ಮ್ಯಾಲ ನೀ ಯಾರು ಅಂತ ಕೇಳಾಕ ಬರಂಗಿಲ್ಲ. ನಡೀರಿ ಡೇರೇಕ."

ಬಡಿಗೆಯವನು ಗೊಣಗುತ್ತಲೇ ಎತ್ತುಗಳ ಹಗ್ಗ ಹಿಡಿದ.

ಡಾಕ್ಟರರು ಅತ್ತೆಯ ಕೈಗೆ ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರು. ಸಂಜೆಗೆ ಅತ್ತೆ ಕಣ್ಣು ಬಿಟ್ಟರು. ಆದರೆ ಡಾಕ್ಟರರ ಮುಖದಲ್ಲಿ ಸಮಾಧಾನ ಇರಲಿಲ್ಲ. "ಔಷಧ ಇದೆ, ಆದರೆ ಕಾಯಿಸಿದ ನೀರಿಲ್ಲ. ಬಾವಿ ನೀರು ಹಾಗೇ ಕುಡಿದರೆ ನಾನು ಎಷ್ಟು ಏರಿಸಿದರೂ ವ್ಯರ್ಥ" ಎಂದು ಉರ್ದುವಿನಲ್ಲಿ ಹೇಳಿದರು. ಡೇರೆಯಲ್ಲಿ ಪೇಟೆಯ ರೋಗಿಗಳು ಸಾಲಾಗಿ ಮಲಗಿದ್ದರು. ಕಟ್ಟಿಗೆ ಮುಗಿದು, ಜನ ಮನೆಯ ಹಳೆ ಪೆಟ್ಟಿಗೆ, ಮುರಿದ ಬಾಗಿಲು ಒಲೆಗೆ ಹಾಕುತ್ತಿದ್ದರು. ಹಳ್ಳಿಯವರು ಕಟ್ಟಿಗೆ ನಿಲ್ಲಿಸಿದ್ದರ ಅರ್ಥ ಏನೆಂದು ನಾನು ಅಲ್ಲಿ ನೋಡಿದೆ. ನನಗೆ ನಾಚಿಕೆಯಾಯಿತು.

"ನಮ್ಮೂರಾಗ ಮನಿಮನಿ ಮುಂದ ಹತ್ತಿ ಕಟ್ಟಿಗಿ ಒಟ್ಟಿದ್ದು ಐತ್ರಿ" ಎಂದೆ ವೀರಭದ್ರಪ್ಪನವರಿಗೆ.

"ಐತವ್ವ. ಕೊಡೋರು ಯಾರು?"

"ಕೇಳಿ ನೋಡ್ರಿ ಮುತ್ಯಾ."

ಮರುದಿನ ಬೆಳಿಗ್ಗೆ ಅವರು ಪೇಟೆಯ ಹಿರಿಯರನ್ನು ಒಪ್ಪಿಸಿ ಸೀಮೆಗಲ್ಲಿಗೆ ಹೋದರು. ನಾನೂ ನಮ್ಮ ಬಂಡಿ ಹೊಡೆದುಕೊಂಡು ಹಿಂದೆ ಹೋದೆ. ಆಚೆ ಕಡೆ ಬೇವಿನ ಮರದ ಕೆಳಗೆ ನನ್ನ ಯಜಮಾನರು ನಮಗೆ ಬೆನ್ನು ಮಾಡಿ ಕೂತಿದ್ದರು. ಹಿಂದೆ ತಿರುಗಿ ನೋಡಬಾರದು ಎಂದಿದ್ದರಲ್ಲ, ಮನೆಗೂ ಹೋಗದೆ ಅಲ್ಲೇ ಹಾಗೇ ಕೂತುಬಿಟ್ಟಿದ್ದರು. ಅಷ್ಟು ದುಃಖದಲ್ಲೂ ನನಗೆ ನಗು ಬಂತು.

"ನಿಮ್ಮವ್ವ ಬದುಕ್ಯಾಳ, ಇತ್ತ ತಿರುಗಪಾ!" ಎಂದು ಮುತ್ಯಾ ಕೂಗಿದರು.

ಅವರು ತಿರುಗಿದರು. ಕಣ್ಣು ಕೆಂಪಗಿತ್ತು. ಮುತ್ಯಾ ಎಲ್ಲ ಹೇಳಿದರು. ಕಟ್ಟಿಗೆ ಕಲ್ಲಿನ ತನಕ ತಂದು ಹಾಕಿದರೆ ಸಾಕು, ಬಾವಿಗೆ ಹಾಕುವ ಔಷಧವನ್ನು ಪೇಟೆಯವರು ಅಲ್ಲಿಗೇ ತಂದು ಕೊಡುತ್ತಾರೆ, ಹಳ್ಳಿಯ ರೋಗಿಗಳನ್ನು ಇನ್ನು ಯಾರೂ ತಡೆಯುವುದಿಲ್ಲ ಎಂದರು. ನನ್ನ ಯಜಮಾನರು ಬಂಡಿ ತೆಗೆದುಕೊಂಡು ಊರಿಗೆ ಹೋಗಿ ಹಿರಿಯರ ಮುಂದೆ ಅದೆಷ್ಟು ಮಾತಾಡಿದರೋ ಗೊತ್ತಿಲ್ಲ. ಮೊದಲು ಬೈಸಿಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಕಟ್ಟಿಗೆಯ ಬಂಡಿ ಒಂದೇ ಬಂತು. ಮಾರನೆಯ ದಿನ ಬೇರೆ ಮನೆಯವರವೂ ಬಂದವು. ಆಮೇಲೆ ಜವಳಗೇರಾ ಕಡೆಯಿಂದ, ತುರ್ವಿಹಾಳ ಕಡೆಯಿಂದಲೂ ಬಂದವು. ಶಾಲೆಯ ಬಯಲಿನಲ್ಲಿ ದೊಡ್ಡ ಹಂಡೆಗಳು ಕುದಿಯತೊಡಗಿದವು. ಡಾಕ್ಟರರು ಹಳ್ಳಿಗಳಿಗೂ ಹೋಗಿ ಸೂಜಿ ಹಾಕಿ ಬಂದರು. ಎಲ್ಲರೂ ಉಳಿದರು ಎಂದಲ್ಲ. ಅತ್ತೆಯ ಪಕ್ಕದಲ್ಲಿ ಮಲಗಿದ್ದ ಬಾಣಂತಿ ಉಳಿಯಲಿಲ್ಲ. ಆದರೆ ಮಳೆ ಬೀಳುವ ಹೊತ್ತಿಗೆ ಬೇನೆ ನಿಂತಿತು.

ಅತ್ತೆ ಚೇತರಿಸಿಕೊಂಡ ಗುರುತು ನನಗೆ ಬೇಗ ಸಿಕ್ಕಿತು. ಗಂಜಿ ಕುಡಿಸುವಾಗ, "ಅವತ್ತು ಬಾಯಿ ಮುಚ್ಚಿದ್ದು ಯಾರಲೇ? ಇನ್ನೊಂದು ಗಳಿಗಿ ಆಗಿದ್ರ ಬ್ಯಾನಿಗಿಂತ ಮೊದ್ಲ ನೀನಾ ಕೊಲ್ತಿದ್ದಿ" ಎಂದರು. ನಾನು ಅತ್ತುಬಿಟ್ಟೆ. ಅವರು ತಮ್ಮ ಸೆರಗಿನಿಂದಲೇ ನನ್ನ ಕಣ್ಣು ಒರೆಸಿ, "ಗಂಜಿಗೆ ಉಪ್ಪು ಹಾಕೀಯೋ ಇಲ್ಲೋ?" ಎಂದರು.

ಬೇನೆ ಪೂರ್ತಿ ಹೋದ ಮೇಲೆ ಪೇಟೆಯ ಹಿರಿಯರು, ಹಳ್ಳಿಗಳ ಹಿರಿಯರು ಕೂತು ಮಾತಾಡಿದರು. ಇನ್ನು ಮೇಲೆ ಅಮ್ಮನನ್ನು ಒಬ್ಬರ ಸೀಮೆಯಿಂದ ಒಬ್ಬರ ಸೀಮೆಗೆ ನೂಕುವುದು ಬೇಡ, ಎಲ್ಲರೂ ಸೀಮೆಗಲ್ಲಿನ ಹತ್ತಿರ ಸೇರಿ ಒಂದೇ ಪೂಜೆ ಮಾಡೋಣ ಎಂದು ತೀರ್ಮಾನವಾಯಿತು. ಒಂದು ಮಂಗಳವಾರ ಎರಡೂ ಕಡೆಯ ಹೆಣ್ಣುಮಕ್ಕಳು ಅಲ್ಲಿ ಸೇರಿದೆವು. ಅಮ್ಮನಿಗೆ ಉಡಿ ತುಂಬಿ ಆದ ಮೇಲೆ, ಪೇಟೆಯ ಮುತ್ತೈದೆಯರು ಹಳ್ಳಿಯವರಿಗೆ, ಹಳ್ಳಿಯವರು ಪೇಟೆಯವರಿಗೆ ಉಡಿ ತುಂಬತೊಡಗಿದರು. ಅತ್ತೆ ಯಾರೂ ಹೇಳದೆಯೇ ದೂರ ಸರಿದು, ಮರದ ನೆರಳಿನಲ್ಲಿ ಒಬ್ಬರೇ ನಿಂತರು. ವರ್ಷಗಳ ರೂಢಿ.

ಅಮರಮ್ಮ ಮೊರ ಹಿಡಿದು ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿ ನೇರ ಅತ್ತೆಯ ಮುಂದೆ ಹೋಗಿ ನಿಂತರು.

"ಸೆರಗು ಒಡ್ರಿ, ನಾಗಮ್ಮಾರ."

ಸಾಲಿನಲ್ಲಿದ್ದವರೆಲ್ಲ ಅತ್ತ ತಿರುಗಿದರು.

"ನನಗ್ಯಾಕವ್ವ? ನಾನು..." ಎಂದರು ಅತ್ತೆ.

"ಅವತ್ತು ತಂದಿದ್ದ ಉಡಿ ಇದು. ನಿಮ್ಮನ್ನ ನೋಡಿ ಮುಚ್ಚಿಟಗೊಂಡೆ. ಅವತ್ತಿಂದ ನನಗ ಸರಿ ನಿದ್ದಿಲ್ಲ. ಸೆರಗು ಒಡ್ರಿ."

ಊರನ್ನೆಲ್ಲ ಮಾತಿನಲ್ಲಿ ಗೆದ್ದ ನಮ್ಮತ್ತೆ ಒಮ್ಮೆ ಅಮರಮ್ಮನನ್ನು, ಒಮ್ಮೆ ಮೊರವನ್ನು ನೋಡಿದರು. ಸೆರಗನ್ನು ಮುಂದೆ ತಂದರು. ಹಿಡಿಯಲು ಬರಲಿಲ್ಲ, ಒಂದು ತುದಿ ಜಾರಿತು. ನನ್ನ ಕಡೆ ನೋಡಿ ಮೆಲ್ಲಗೆ, "ಹ್ಯಾಂಗ ಹಿಡೀಬೇಕು ಅನ್ನೂದಾ ಮರತೈತಿ ನೋಡಬೇ" ಎಂದರು.

ನಾನು ಹೋಗಿ ಆ ತುದಿ ಹಿಡಿದುಕೊಟ್ಟೆ. ಅಕ್ಕಿ, ಕೊಬ್ಬರಿ, ಖಣ ಸೆರಗಿಗೆ ಬಿದ್ದವು. ಭಾರಕ್ಕೆ ನಮ್ಮಿಬ್ಬರ ಕೈಗಳೂ ಒಟ್ಟಿಗೆ ಕೆಳಗಿಳಿದವು. ಇವತ್ತಿಗೂ ಯಾರಾದರೂ ಉಡಿ ತುಂಬುವಾಗ, ನನ್ನ ಸೆರಗು ಎಷ್ಟು ತುಂಬಿದರೂ ಆ ಭಾರ ನನ್ನ ಕೈಗೆ ಮತ್ತೆ ಸಿಕ್ಕಿಲ್ಲ.